ತಾಷ್ಕೆಂಟ್ ಒಪ್ಪಂದ ಮತ್ತು ಅಡಿಕೆ ಸುಲಿತದ ರಾತ್ರಿ: ಒಂದು ಪ್ರಕರಣ ಅಧ್ಯಯನ

1966ರ ಜನವರಿ 10ರಂದು ಸೋವಿಯತ್ ಒಕ್ಕೂಟದ ತಾಷ್ಕೆಂಟ್ ನಗರದಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಹಿಂದಿನ ವರ್ಷದ ಯುದ್ಧದಲ್ಲಿ ಗೆದ್ದ ಜಾಗವನ್ನು ಎರಡೂ ದೇಶಗಳು ವಾಪಸ್ ಕೊಡಬೇಕು ಎಂಬುದು ಅದರ ಮುಖ್ಯ ಮಾತು. ಸಹಿ ಹಾಕಿದ ಕೆಲವೇ ಗಂಟೆಗಳಲ್ಲಿ, 11ರ ನಸುಕಿಗೂ ಮೊದಲೇ, ಶಾಸ್ತ್ರಿಯವರು ಅಲ್ಲೇ ತೀರಿಕೊಂಡರು.

ಅವರ ಸಾವಿನ ಬಗ್ಗೆ ಬಹಳ ಬರೆದಿದ್ದಾರೆ. ನಾನು ಇಲ್ಲಿ ಆ ಕಡೆ ಹೋಗುವುದಿಲ್ಲ. ನನ್ನ ಪ್ರಶ್ನೆ ಬೇರೆ. ಯುದ್ಧದಲ್ಲಿ ಗಟ್ಟಿಯಾಗಿ ನಿಂತ ನಾಯಕ ರಾಜಿಗೆ ಒಪ್ಪಿದಾಗ ಯಾವ ಪಕ್ಷದವರು ಹೇಗೆ ನಡೆದುಕೊಂಡರು? ಯಾಕೆ ಹಾಗೆ ನಡೆದುಕೊಂಡರು? ಎದುರು ಪಕ್ಷ ಬೈಯುತ್ತದೆ, ತನ್ನ ಪಕ್ಷ ಸಮರ್ಥಿಸುತ್ತದೆ ಎಂಬ ಲೆಕ್ಕ ನಮಗೆಲ್ಲ ಗೊತ್ತಿರುವುದೇ. ತಾಷ್ಕೆಂಟ್ ಆ ಲೆಕ್ಕಕ್ಕೆ ಪೂರ್ತಿ ಕೂರುವುದಿಲ್ಲ. ಅಲ್ಲಿ ನಾಯಕನಿಗೆ ಆಳವಾಗಿ ನಾಟಿದ್ದು ತನ್ನವರ ಸಿಟ್ಟು. ಆ ಸಿಟ್ಟಿಗೆ ಒಪ್ಪಂದದ ಷರತ್ತುಗಳಿಗಿಂತ ಯುದ್ಧದ ದಿನಗಳಲ್ಲಿ ಆಡಿದ ಮಾತುಗಳೇ ಜಾಸ್ತಿ ಕಾರಣ. ಇದು ನನ್ನ ಅಭಿಪ್ರಾಯ.

ಇದನ್ನು ನಾನು ಮೊದಲು ಕಲಿತದ್ದು ಪುಸ್ತಕದಿಂದ ಅಲ್ಲ, ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಮಾತುಗಳಿಂದ. ಹಾಗಾಗಿ ದೆಹಲಿಯ ಕಥೆಯ ಜೊತೆ ನಮ್ಮ ಮನೆಯ ಕಥೆಯನ್ನೂ ಹೇಳುತ್ತೇನೆ.

ಯುದ್ಧಕ್ಕೆ ಮೊದಲೇ ಒಂದು ರಾಜಿ

1965ರ ಏಪ್ರಿಲ್‌ನಲ್ಲಿ ಕಛ್ ರಣದಲ್ಲಿ ಎರಡೂ ಸೇನೆಗಳು ಕಾದಾಡಿದವು. ಬ್ರಿಟನ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಮಧ್ಯಸ್ಥಿಕೆಯಿಂದ ಜೂನ್ 30ರಂದು ಒಪ್ಪಂದವಾಯಿತು. ಗಡಿಯ ತಕರಾರನ್ನು ಅಂತರರಾಷ್ಟ್ರೀಯ ಪಂಚಾಯಿತಿಗೆ ಒಪ್ಪಿಸಲು ಶಾಸ್ತ್ರಿ ಒಪ್ಪಿಕೊಂಡರು. ಇಂದಿನ ಬಿಜೆಪಿಯ ಹಿಂದಿನ ರೂಪವಾದ ಜನಸಂಘ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಭಾರಿ ಮೆರವಣಿಗೆ ತೆಗೆಯಿತು. ಅದೇ ತಿಂಗಳು ಲೋಕಸಭೆಯಲ್ಲಿ ಸ್ವತಂತ್ರ ಪಕ್ಷದ ಮಿನೂ ಮಸಾನಿ ಅವಿಶ್ವಾಸ ನಿರ್ಣಯ ತಂದರು. ಶಾಸ್ತ್ರಿ ಮೆತ್ತಗಿನ ಮನುಷ್ಯ ಎಂಬ ಮಾತು ಆಗಲೇ ಓಡಾಡುತ್ತಿತ್ತು.

ಇದನ್ನು ಮರೆತರೆ ಮುಂದಿನದು ಅರ್ಥವಾಗುವುದಿಲ್ಲ. ಆಗಸ್ಟ್ 5ರ ಹೊತ್ತಿಗೆ ಪಾಕಿಸ್ತಾನದ ನುಸುಳುಕೋರರು ಕಾಶ್ಮೀರದೊಳಗೆ ಬಂದಿದ್ದರು. ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಟ್ಯಾಂಕುಗಳು ಜಮ್ಮು ಕಡೆಯ ಛಂಬ್ ಮೇಲೆ ಬಿದ್ದವು. ಸೆಪ್ಟೆಂಬರ್ 6ರಂದು ಭಾರತದ ಸೇನೆ ಅಂತರರಾಷ್ಟ್ರೀಯ ಗಡಿ ದಾಟಿ ಲಾಹೋರ್ ಕಡೆ ನುಗ್ಗಿತು. ಮೆತ್ತಗಿನವರು ಅನ್ನಿಸಿಕೊಂಡಿದ್ದ ಅದೇ ಶಾಸ್ತ್ರಿ ಆ ತೀರ್ಮಾನ ತೆಗೆದುಕೊಂಡಿದ್ದರು. ದೇಶ ಅವರನ್ನು ಬೇರೆ ಕಣ್ಣಿನಿಂದ ನೋಡತೊಡಗಿತು.

ಮಲೆನಾಡಿಗೂ ಅದು ಮುಟ್ಟಿತು. ಭದ್ರಾವತಿ ಆಕಾಶವಾಣಿ ಶುರುವಾದದ್ದು ಅದೇ ವರ್ಷ. ನಮ್ಮೂರಲ್ಲಿ ರೇಡಿಯೋ ಇದ್ದದ್ದು ಎರಡು ಮೂರು ಮನೆಯಲ್ಲಿ. ವಾರ್ತೆಯ ಹೊತ್ತಿಗೆ ಅಂಗಳ ತುಂಬುತ್ತಿತ್ತಂತೆ. ಮಳೆ ಕೈಕೊಟ್ಟು ದೇಶಕ್ಕೆ ಅನ್ನದ ಕೊರತೆ ಇತ್ತು. ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಪ್ರಧಾನಿ ಕೇಳಿದ್ದರು. ನಮ್ಮ ಮನೆಯಲ್ಲಿ ಸೋಮವಾರ ರಾತ್ರಿ ಒಲೆ ಹಚ್ಚುತ್ತಿರಲಿಲ್ಲ. ರಕ್ಷಣಾ ನಿಧಿಗೆ ದೊಡ್ಡಮ್ಮ ತಮ್ಮ ಬಳೆ ಬಿಚ್ಚಿ ಕೊಟ್ಟಿದ್ದರು. ಹಾಗೆ ಕೊಟ್ಟವರಿಗೆ ಯುದ್ಧದ ಫಲದಲ್ಲಿ ಪಾಲು ಇದೆ ಅನ್ನಿಸುವುದು ಸಹಜ ಅಲ್ವಾ?

ಹಾಜಿ ಪೀರ್

ಆಗಸ್ಟ್ 28ರಂದು ಮೇಜರ್ ರಂಜಿತ್ ಸಿಂಗ್ ದಯಾಳ್ ಮುಂದಾಳತ್ವದ ಪ್ಯಾರಾ ತುಕಡಿ ಹಾಜಿ ಪೀರ್ ಕಣಿವೆಯನ್ನು ವಶಪಡಿಸಿಕೊಂಡಿತು. ಅದು ಉರಿ ಮತ್ತು ಪೂಂಛ್ ನಡುವಿನ ಹತ್ತಿರದ ದಾರಿ. ನುಸುಳುಕೋರರು ಬರುತ್ತಿದ್ದ ದಾರಿಯೂ ಹೌದು. ಆಗುಂಬೆ ಘಾಟಿ ಮುಚ್ಚಿದರೆ ತೀರ್ಥಹಳ್ಳಿಯವರು ಉಡುಪಿಗೆ ಹೋಗಲು ಎಷ್ಟು ಸುತ್ತಬೇಕು ಎಂದು ಗೊತ್ತಿದ್ದವರಿಗೆ ಹಾಜಿ ಪೀರ್ ಬೆಲೆ ವಿವರಿಸಬೇಕಿಲ್ಲ. ಘಾಟಿ ಯಾರ ಕೈಲಿದೆಯೋ ಮೇಲೆ ಕೆಳಗೆ ಓಡಾಟ ಅವರ ಕೈಲಿ.

ಹಾಗಾಗಿ ಹಾಜಿ ಪೀರ್ ಎಂಬ ಹೆಸರು ಆ ಯುದ್ಧದ ಹೆಮ್ಮೆಯ ಹೆಸರಾಯಿತು. ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ ಎಂಬ ಧಾಟಿಯಲ್ಲಿ ಸರ್ಕಾರವೂ ಮಾತಾಡಿತ್ತು. ಆ ಮಾತನ್ನು ಆಡಿದ ದಿನವೇ ತಾಷ್ಕೆಂಟ್‌ನ ಅರ್ಧ ಕಷ್ಟ ಹುಟ್ಟಿತು.

ಇನ್ನೊಂದು ಕಡೆಯ ಲೆಕ್ಕವನ್ನು ಜನರಿಗೆ ಯಾರೂ ಅಷ್ಟು ಜೋರಾಗಿ ಹೇಳಿರಲಿಲ್ಲ. ಕದನ ವಿರಾಮದ ಹೊತ್ತಿಗೆ ಭಾರತದ ಕೈಲಿ ಸುಮಾರು 1,900 ಚದರ ಕಿಲೋಮೀಟರ್ ಇತ್ತು. ಪಾಕಿಸ್ತಾನದ ಕೈಲಿ ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ ಆ ಕಡಿಮೆಯಲ್ಲಿ ಛಂಬ್ ಇತ್ತು. ಛಂಬ್ ಕೈತಪ್ಪಿದರೆ ಅಖ್ನೂರ್ ಸೇತುವೆಗೆ ಅಪಾಯ, ಅದರ ಹಿಂದೆ ಜಮ್ಮುವಿನಿಂದ ಪೂಂಛ್ ಕಡೆಯ ದಾರಿಗೆ ಅಪಾಯ. ಪಂಜಾಬಿನ ಖೇಮ್ ಕರಣ್ ಪಟ್ಟಣವೂ ಅವರ ಹಿಡಿತದಲ್ಲಿತ್ತು. ನಮ್ಮದು ನಮಗೆ ಬೇಕಾದರೆ ಅವರದು ಅವರಿಗೆ ಕೊಡಲೇಬೇಕಿತ್ತು.

ಹೊರಗಿನ ಒತ್ತಡವೂ ಸಣ್ಣದಲ್ಲ. ಆಗಸ್ಟ್ 5ಕ್ಕೆ ಮೊದಲಿನ ಜಾಗಗಳಿಗೆ ಎರಡೂ ಸೇನೆ ಹಿಂದಿರುಗಬೇಕು ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಸೆಪ್ಟೆಂಬರ್ 20ರಂದು ನಿರ್ಣಯ ಮಾಡಿತ್ತು. ಸೆಪ್ಟೆಂಬರ್ ನಡುವೆ ಚೀನಾ ಸಿಕ್ಕಿಂ ಗಡಿಯ ನೆಪ ಹಿಡಿದು ಬೆದರಿಕೆ ಹಾಕಿತ್ತು. ಅಮೆರಿಕ ಶಸ್ತ್ರಾಸ್ತ್ರ ನಿಲ್ಲಿಸಿತ್ತು, ಗೋಧಿಯನ್ನೂ ಬಿಗಿ ಹಿಡಿದು ಕೊಡುತ್ತಿತ್ತು. ಕಾಶ್ಮೀರದ ವಿಷಯದಲ್ಲಿ ಭದ್ರತಾ ಮಂಡಳಿಯಲ್ಲಿ ನಮ್ಮ ಪರ ವೀಟೋ ಹಾಕುತ್ತಿದ್ದದ್ದು ಸೋವಿಯತ್ ಒಕ್ಕೂಟ. ಸಂಧಾನಕ್ಕೆ ಕರೆದವರು ಅದೇ ಒಕ್ಕೂಟದ ಪ್ರಧಾನಿ ಅಲೆಕ್ಸಿ ಕೊಸಿಗಿನ್. ಬರುವುದಿಲ್ಲ ಎನ್ನುವುದು ಶಾಸ್ತ್ರಿಯವರಿಗೆ ಸುಲಭವಿರಲಿಲ್ಲ.

ಇಷ್ಟೆಲ್ಲ ತೂಗಿ ನೋಡಿದರೆ ಒಪ್ಪಂದ ಕೆಟ್ಟದ್ದಲ್ಲ ಎನ್ನುವುದು ನನ್ನ ತೀರ್ಮಾನ. ಫೆಬ್ರವರಿ 25ರೊಳಗೆ ಸೇನೆ ವಾಪಸ್, ಕದನ ವಿರಾಮ ರೇಖೆಗೆ ಗೌರವ, ಕೈದಿಗಳ ಬಿಡುಗಡೆ, ರಾಯಭಾರಿಗಳ ಮರಳಿಕೆ, ತಕರಾರುಗಳಿಗೆ ಶಾಂತಿಯ ದಾರಿ. ಅಯೂಬ್ ಕೇಳಿದ್ದ ಕಾಶ್ಮೀರದ ಇತ್ಯರ್ಥ ಅದರಲ್ಲಿ ಇರಲಿಲ್ಲ. ಎರಡೂ ಕಡೆ ತಮ್ಮ ನಿಲುವು ಹೇಳಿಕೊಂಡವು ಎಂದಷ್ಟೇ ಇತ್ತು. ಭಾರತಕ್ಕೆ ಅದು ದೊಡ್ಡ ಲಾಭ. ದೊಡ್ಡ ಕೊರತೆ ನುಸುಳುಕೋರರ ವಿಷಯದಲ್ಲಿ. ಶಸ್ತ್ರಧಾರಿಗಳೆಲ್ಲ ಹಿಂದೆ ಸರಿಯಬೇಕು ಎಂದಿತ್ತು. ಅದರಲ್ಲಿ ನುಸುಳುಕೋರರೂ ಸೇರಿದರು ಎಂದು ಭಾರತ ಹೇಳಿತು. ಅವರನ್ನು ಕಳಿಸಿದ್ದೇ ನಾವಲ್ಲ ಎನ್ನುತ್ತಿದ್ದ ಪಾಕಿಸ್ತಾನ ಅದನ್ನು ಹೇಗೆ ಒಪ್ಪೀತು? ಟೀಕಾಕಾರರು ಹಿಡಿದದ್ದು ಇದನ್ನೇ. ಅವರ ಟೀಕೆಯಲ್ಲಿ ಹುರುಳಿತ್ತು.

ಒಂದೇ ಒಂದು ರಾತ್ರಿ

ಜನವರಿ ಎಂದರೆ ನಮ್ಮ ಕಡೆ ಅಡಿಕೆ ಸುಲಿತದ ಕಾಲ. ಗ್ಯಾಸ್ ಲೈಟಿನ ಬೆಳಕಿನಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂರುತ್ತಾರೆ. ಸುತ್ತಲ ಮನೆಯವರು ಮುಯ್ಯಾಳಾಗಿ, ಅಂದರೆ ಕೆಲಸಕ್ಕೆ ಬದಲು ಕೆಲಸದ ಲೆಕ್ಕದಲ್ಲಿ, ಬರುತ್ತಾರೆ. ಕೈ ಓಡುತ್ತಿರುತ್ತದೆ, ಬಾಯಿಯೂ ಓಡುತ್ತಿರುತ್ತದೆ. ಅಂಥ ರಾತ್ರಿ ತಾಷ್ಕೆಂಟ್ ಸುದ್ದಿ ರೇಡಿಯೋದಲ್ಲಿ ಬಂತು. ನಾನಿನ್ನೂ ಹುಟ್ಟಿರಲಿಲ್ಲ. ಇದನ್ನು ಅಪ್ಪಯ್ಯನಿಂದಲೂ ಚಿಕ್ಕಪ್ಪನಿಂದಲೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಇಬ್ಬರ ಮಾತೂ ಹೆಚ್ಚುಕಡಿಮೆ ತಾಳೆಯಾಗುತ್ತದೆ.

ಮೂವರು ಅಣ್ಣತಮ್ಮಂದಿರು, ಮೂರು ಪಕ್ಷ. ತೀರ್ಥಹಳ್ಳಿಯಲ್ಲಿ ಅದೇನೂ ಅಪರೂಪವಲ್ಲ. ದೊಡ್ಡಪ್ಪ ಕಾಂಗ್ರೆಸ್, ಹಿಂದೆ ಮುಖ್ಯಮಂತ್ರಿಯಾಗಿದ್ದ ಕಡಿದಾಳ್ ಮಂಜಪ್ಪನವರ ಕಡೆಯವರು. ಅಪ್ಪಯ್ಯ ಸಮಾಜವಾದಿ, ಶಾಂತವೇರಿ ಗೋಪಾಲಗೌಡರ ಭಾಷಣ ಎಲ್ಲಿದ್ದರೂ ಹೋಗುತ್ತಿದ್ದವರು. ಚಿಕ್ಕಪ್ಪ ಶಿವಮೊಗ್ಗದಲ್ಲಿ ಕಾಲೇಜಿಗೆ ಹೋಗುತ್ತ ಜನಸಂಘದ ಕಡೆ ವಾಲಿದ್ದ ಹುಡುಗ.

ಚಿಕ್ಕಪ್ಪ ಮೊದಲು ಸಿಡಿದರಂತೆ. "ಕಛ್‌ನಲ್ಲೂ ಹಿಂಗೇ ಮಾಡಿದ್ರು, ಈಗ ಹಾಜಿ ಪೀರ್ ಕೊಟ್ಟು ಬಂದ್ರು. ಸತ್ತೋರು ಯಾಕೆ ಸತ್ತಿದ್ದು ಅಣ್ಣಯ್ಯಾ?"

ಅಪ್ಪಯ್ಯ ಅರ್ಧ ಒಪ್ಪಿದರು, ಅರ್ಧ ಒಪ್ಪಲಿಲ್ಲ. ಅವರಿಗೆ ಒಂದು ತೊಡಕಿತ್ತು. ಭಾರತ ಪಾಕಿಸ್ತಾನ ಸೇರಿ ಒಂದು ಒಕ್ಕೂಟವಾಗಬೇಕು ಎಂದು ಸಮಾಜವಾದಿಗಳ ನಾಯಕ ರಾಮಮನೋಹರ ಲೋಹಿಯಾ ಹೇಳುತ್ತ ಬಂದಿದ್ದರು. 1964ರ ಏಪ್ರಿಲ್ 12ರಂದು ಲೋಹಿಯಾ ಮತ್ತು ಜನಸಂಘದ ದೀನದಯಾಳ್ ಉಪಾಧ್ಯಾಯ ಇಬ್ಬರೂ ಸೇರಿ ಅಂಥದ್ದೇ ಹೇಳಿಕೆಗೆ ಸಹಿ ಹಾಕಿದ್ದರು. ಅಪ್ಪಯ್ಯ ತಮ್ಮನಿಗೆ ಅದನ್ನೇ ನೆನಪಿಸಿದರಂತೆ. "ನಿಮ್ಮೋರೂ ನಮ್ಮೋರೂ ಒಕ್ಕೂಟ ಅಂದಿದ್ರಲ್ಲ ಮಾರಾಯ. ಒಕ್ಕೂಟ ಅಂದ್ರೆ ಕೂತು ಮಾತಾಡ್ದೆ ಆಗ್ತದಾ?" ಚಿಕ್ಕಪ್ಪನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ, ಸಿಟ್ಟು ಇತ್ತು.

ಆದರೆ ಇಬ್ಬರಿಗೂ ನೆನಪಿರುವುದು ದೊಡ್ಡಪ್ಪ. ಅವರು ಕಾಂಗ್ರೆಸ್ಸಿನವರು. ಪ್ರಧಾನಿಯನ್ನು ಸಮರ್ಥಿಸಬೇಕಾದವರು ಅವರು. ಒಂದು ಮಾತೂ ಆಡಲಿಲ್ಲ. ಸುಮಾರು ಹೊತ್ತಾದ ಮೇಲೆ ಕೈ ತೊಳೆದುಕೊಂಡು ಎದ್ದರು. "ಬಿಡೋದಿಲ್ಲ ಅಂದಿದ್ರಲ್ಲ. ಅನ್ನಬಾರ್ದಿತ್ತು" ಎಂದು ಒಳಗೆ ಹೋದರು.

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಪ್ರತಿಕ್ರಿಯೆ ಅದು. ಚಿಕ್ಕಪ್ಪನ ಸಿಟ್ಟು ಮೊದಲೇ ಇದ್ದದ್ದು, ತಾಷ್ಕೆಂಟ್ ಅದಕ್ಕೆ ಇನ್ನೊಂದು ಸಾಕ್ಷಿ ಕೊಟ್ಟಿತು ಅಷ್ಟೆ. ದೊಡ್ಡಪ್ಪನದು ಹಾಗಲ್ಲ. ಅವರು ಸೋಮವಾರ ಊಟ ಬಿಟ್ಟವರು. ಅವರ ಹೆಂಡತಿ ಬಳೆ ಕೊಟ್ಟವರು. ಊರಲ್ಲಿ ನಾಲ್ಕು ಜನಕ್ಕೆ "ಶಾಸ್ತ್ರಿ ಬಿಡೋರಲ್ಲ" ಎಂದು ಹೇಳಿಕೊಂಡು ತಿರುಗಿದವರು. ನಾಯಕನ ಮಾತನ್ನು ತಮ್ಮ ಮಾತಾಗಿ ಹೇಳಿದವರಿಗೆ ನಾಯಕ ಹಿಂದೆ ಸರಿದಾಗ ತಮ್ಮ ಮುಖವೂ ಹೋಗುತ್ತದೆ.

ತಾಷ್ಕೆಂಟ್‌ನಲ್ಲೂ ಆ ರಾತ್ರಿ ಇಂಥದ್ದೇ ನಡೆಯುತ್ತಿತ್ತು. ಶಾಸ್ತ್ರಿಯವರ ಜೊತೆ ಹೋಗಿದ್ದ ಪತ್ರಕರ್ತ ಕುಲದೀಪ್ ನಯ್ಯರ್ ಬರೆದಿರುವಂತೆ, ಮೊದಲು ದೆಹಲಿಯಿಂದ ಪಕ್ಷಗಳ ಪ್ರತಿಕ್ರಿಯೆ ತಿಳಿಯಿತು. ಜನಸಂಘದ ಅಟಲ್ ಬಿಹಾರಿ ವಾಜಪೇಯಿ ಮತ್ತು ಪ್ರಜಾ ಸೋಷಲಿಸ್ಟ್ ಪಕ್ಷದ (ಪಿಎಸ್‌ಪಿ) ಸುರೇಂದ್ರನಾಥ ದ್ವಿವೇದಿ ಟೀಕಿಸಿದ್ದರು. ವಿರೋಧ ಪಕ್ಷದವರು ಟೀಕಿಸುವುದು ಇದ್ದದ್ದೇ ಎಂದು ಶಾಸ್ತ್ರಿ ಅದನ್ನು ಅಲ್ಲಿಗೇ ಬಿಟ್ಟರು. ಆಮೇಲೆ ಮನೆಗೆ ಫೋನ್ ಮಾಡಿದರು. ಹಾಜಿ ಪೀರ್ ಬಿಟ್ಟುಕೊಟ್ಟದ್ದು ಮನೆಯವರಿಗೆ ಹಿಡಿಸಿರಲಿಲ್ಲ. ಮಗಳೇ ಹಾಗೆ ಹೇಳಿದರು. ಮನೆಯವರಿಗೇ ಇಷ್ಟವಾಗದಿದ್ದರೆ ಹೊರಗಿನವರು ಏನಂದಾರು ಎಂಬ ಚಿಂತೆ ಅವರನ್ನು ಹಿಡಿಯಿತು ಎಂದು ನಯ್ಯರ್ ಬರೆಯುತ್ತಾರೆ. ಕೋಣೆಯಲ್ಲಿ ಅತ್ತಿಂದಿತ್ತ ನಡೆದಾಡುತ್ತಿದ್ದರಂತೆ. ನಮ್ಮ ಮನೆಯ ಅಂಗಳಕ್ಕೂ ಆ ಕೋಣೆಗೂ ಎಷ್ಟು ದೂರ! ಆದರೂ ನೋಯಿಸಿದ್ದು ಒಂದೇ ಜಾತಿಯ ಮಾತು.

ಬೆಳಿಗ್ಗೆ ಸಾವಿನ ಸುದ್ದಿ ಬಂತು. ಅಲ್ಲಿಗೆ ವಾದ ನಿಂತಿತು. ಚಿಕ್ಕಪ್ಪ ಆ ದಿನ ಊಟ ಮಾಡಲಿಲ್ಲವಂತೆ. ತಾಷ್ಕೆಂಟ್ ಬಗ್ಗೆ ಭಾರತದ ಜನ ಮುಚ್ಚುಮರೆ ಇಲ್ಲದೆ ಜಗಳವಾಡಿದ್ದು ಹೆಚ್ಚುಕಡಿಮೆ ಆ ಒಂದು ರಾತ್ರಿ. ಆಮೇಲೆ ಬಂದ ಟೀಕೆಯೆಲ್ಲ ಸತ್ತವರ ಮುಂದೆ ತಗ್ಗಿದ ದನಿಯಲ್ಲಿ ಬಂತು. ಇತಿಹಾಸದಲ್ಲಿ ಈ ಒಪ್ಪಂದಕ್ಕೆ ಸಿಕ್ಕ ಒಪ್ಪಿಗೆಯನ್ನು ಅಳೆಯುವಾಗ ಇದನ್ನು ಕಳೆದು ನೋಡಬೇಕು.

ಪಕ್ಷಗಳ ಲೆಕ್ಕ

ಜನಸಂಘ ವಿರೋಧಿಸಿತು, ಪಿಎಸ್‌ಪಿ ಟೀಕಿಸಿತು, ಸೋವಿಯತ್ ನಂಟಿನ ಕಮ್ಯುನಿಸ್ಟ್ ಪಕ್ಷ ಸಿಪಿಐ ಸ್ವಾಗತಿಸಿತು. ಇದರಲ್ಲಿ ಆಶ್ಚರ್ಯವಿಲ್ಲ. ಸುದ್ದಿಯಾದದ್ದು ಕಾಂಗ್ರೆಸ್ಸಿನೊಳಗೆ. ಪುನರ್ವಸತಿ ಸಚಿವರಾಗಿದ್ದ ಮಹಾವೀರ ತ್ಯಾಗಿ ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಹಾಜಿ ಪೀರ್ ಬಿಟ್ಟುಕೊಡುವುದನ್ನು ತಾವು ಒಪ್ಪಲಾರೆ ಎಂಬುದೇ ಕಾರಣ. ಅಧಿಕಾರ ಬಿಡುವುದು ಸುಲಭದ ಕೆಲಸವಲ್ಲ. ತ್ಯಾಗಿಯವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ, ಆದರೆ ಅವರ ಬಗ್ಗೆ ನನಗೆ ಗೌರವವಿದೆ.

ಪಾಕಿಸ್ತಾನದಲ್ಲಿ ಇದೇ ಕಥೆ ಇನ್ನೂ ಉರಿಯಾಗಿ ನಡೆಯಿತು. ಅಲ್ಲಿನ ರೇಡಿಯೋ, ಪತ್ರಿಕೆಗಳು ನಾವು ಗೆಲ್ಲುತ್ತಿದ್ದೇವೆ ಎಂದೇ ಜನರಿಗೆ ಹೇಳಿದ್ದವು. ಗೆದ್ದವರು ಕಾಶ್ಮೀರ ಇಲ್ಲದೆ ಯಾಕೆ ವಾಪಸ್ ಬಂದರು ಎಂದು ಜನ ಕೇಳಿದರು. ಲಾಹೋರ್‌ನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು, ಪೊಲೀಸರು ಗುಂಡು ಹಾರಿಸಿದರು, ಸಾವುಗಳಾದವು. ವಿದೇಶಾಂಗ ಸಚಿವರಾಗಿ ತಾಷ್ಕೆಂಟ್‌ಗೆ ಹೋಗಿದ್ದ ಜುಲ್ಫಿಕರ್ ಅಲಿ ಭುಟ್ಟೋ ಅದೇ ವರ್ಷ ಸರ್ಕಾರ ಬಿಟ್ಟು, ಆ ಒಪ್ಪಂದವನ್ನೇ ಅಯೂಬ್ ವಿರುದ್ಧದ ಅಸ್ತ್ರ ಮಾಡಿಕೊಂಡರು. 1967ರಲ್ಲಿ ಹೊಸ ಪಕ್ಷ ಕಟ್ಟಿದರು. 1969ರ ಮಾರ್ಚ್‌ನಲ್ಲಿ ಅಯೂಬ್ ಅಧಿಕಾರದಿಂದ ಇಳಿದರು. ಒಂದೇ ಕಾಗದ, ಎರಡು ದೇಶ. ಸುಳ್ಳು ಗೆಲುವಿನ ಮಾತು ಜಾಸ್ತಿ ಇದ್ದ ಕಡೆ ಸಿಟ್ಟೂ ಜಾಸ್ತಿ.

ಭಾರತದಲ್ಲಿ ತಾಷ್ಕೆಂಟ್ ಮತಪೆಟ್ಟಿಗೆಗೆ ಬಂತಾ? 1967ರಲ್ಲಿ ಕಾಂಗ್ರೆಸ್ ಲೋಕಸಭೆಯಲ್ಲಿ 283ಕ್ಕೆ ಇಳಿಯಿತು, ಜನಸಂಘ 35ಕ್ಕೆ ಏರಿತು. ಶಿವಮೊಗ್ಗದಿಂದ ಸಂಯುಕ್ತ ಸೋಷಲಿಸ್ಟ್ ಪಕ್ಷದ ಜೆ.ಎಚ್. ಪಟೇಲ್ ಗೆದ್ದು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದರು. ತೀರ್ಥಹಳ್ಳಿಯಲ್ಲಿ ಗೋಪಾಲಗೌಡರು ಮತ್ತೆ ಗೆದ್ದರು. ಆದರೆ ಇದಕ್ಕೂ ಹಾಜಿ ಪೀರ್‌ಗೂ ಗಂಟು ಹಾಕುವುದು ಸರಿಯಲ್ಲ. ನಮ್ಮ ಕಡೆ ಆಗ ಮಾತು ಗೇಣಿಯದು, ಅಕ್ಕಿಯದು, ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ಜಮೀನು ಕಳೆದುಕೊಂಡ ಸಾಗರ ಹೊಸನಗರದ ಜನರದು. ಯುದ್ಧದ ರಾಜಿ ಮನಸ್ಸಿನಲ್ಲಿ ಉಳಿಯುತ್ತದೆ, ಮತದಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಮತ್ತೆ ಅದೇ ಮಾತು

ನಮ್ಮ ಮನೆಯಲ್ಲಿ ಪಾತ್ರಗಳು ಅದಲುಬದಲಾದವು. 1972ರ ಜುಲೈನಲ್ಲಿ ಇಂದಿರಾ ಗಾಂಧಿ ಸಿಮ್ಲಾದಲ್ಲಿ ಭುಟ್ಟೋ ಜೊತೆ ಒಪ್ಪಂದ ಮಾಡಿಕೊಂಡರು. 1971ರ ಯುದ್ಧದಲ್ಲಿ ಸೆರೆಸಿಕ್ಕ ಸುಮಾರು 93,000 ಕೈದಿಗಳು ಕೈಲಿದ್ದೂ ಕಾಶ್ಮೀರ ಇತ್ಯರ್ಥವಾಗಲಿಲ್ಲ ಎಂದು ಚಿಕ್ಕಪ್ಪ ಬೈದರು. ದೊಡ್ಡಪ್ಪ ಈ ಸಲ ಜೋರಾಗಿಯೇ ಸಮರ್ಥಿಸಿದರು. 1999ರ ಫೆಬ್ರವರಿಯಲ್ಲಿ ವಾಜಪೇಯಿ ಬಸ್ಸಿನಲ್ಲಿ ಲಾಹೋರ್‌ಗೆ ಹೋದಾಗ ಚಿಕ್ಕಪ್ಪನಿಗೆ ಹೆಮ್ಮೆ. ಕಾರ್ಗಿಲ್ ನಡೆದಾಗ ದೊಡ್ಡಪ್ಪ "ಬಸ್ಸಲ್ಲಿ ಹೋಗಿ ತಂದದ್ದು ಇದೇನಾ?" ಎಂದು ಕೇಳಿದರು. ತಾಷ್ಕೆಂಟ್ ಟೀಕಿಸಿದ ವಾಜಪೇಯಿಯವರೇ ಕಾರ್ಗಿಲ್‌ನಲ್ಲಿ ನಿಯಂತ್ರಣ ರೇಖೆ ದಾಟಬಾರದು ಎಂದು ಸೇನೆಗೆ ಮಿತಿ ಹಾಕಿದರು. ಜವಾಬ್ದಾರಿಯ ಕುರ್ಚಿಯಲ್ಲಿ ಕೂತವರಿಗೆ ಶಾಸ್ತ್ರಿಯವರ ಕಷ್ಟ ಗೊತ್ತಾಗುತ್ತದೆ. ಇದನ್ನು ನಾನು ಮೆಚ್ಚುಗೆಯಿಂದಲೇ ಹೇಳುತ್ತಿದ್ದೇನೆ.

ಈಗ 2025ಕ್ಕೆ ಬರೋಣ. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರ ಕೊಲೆಯಾಯಿತು. ಆ ದುಃಖ ಶಿವಮೊಗ್ಗದ ಮನೆಬಾಗಿಲಿಗೂ ಬಂತು. ಊರಿನ ಸಂಕಟ, ಸಿಟ್ಟು ಎರಡನ್ನೂ ನಾನು ಹತ್ತಿರದಿಂದ ನೋಡಿದ್ದೇನೆ. ಮೇ 7ರ ನಸುಕಿನಲ್ಲಿ ಭಾರತ ಒಂಬತ್ತು ಕಡೆ ಉಗ್ರರ ನೆಲೆಗಳಿಗೆ ಹೊಡೆಯಿತು. ಗುರಿ ಇಷ್ಟೇ, ಸಂಘರ್ಷ ಬೆಳೆಸುವ ಉದ್ದೇಶವಿಲ್ಲ ಎಂದು ಸರ್ಕಾರ ಅವತ್ತೇ ಹೇಳಿತು. ಮುಂದಿನ ರಾತ್ರಿಗಳಲ್ಲಿ ಟಿವಿಗಳು ಕರಾಚಿ ಬಂದರು ನಾಶವಾಯಿತು ಎನ್ನುವ ಮಟ್ಟಕ್ಕೆ ಹೋದವು. ಅದು ನಡೆದೇ ಇರಲಿಲ್ಲ. ಮೇ 10ರ ಸಂಜೆ ಗುಂಡು ನಿಂತಿತು. ಮೊದಲು ಸಾರಿದ್ದು ಅಮೆರಿಕದ ಅಧ್ಯಕ್ಷ ಟ್ರಂಪ್.

ಕಾಂಗ್ರೆಸ್ಸಿಗರು 1971ರ ಇಂದಿರಾ ಫೋಟೋ ಹಂಚಿದರು. ಅದೇ ಪಕ್ಷದ ಶಶಿ ತರೂರ್ 1971ರ ಪರಿಸ್ಥಿತಿ ಬೇರೆ, ಈಗಿನದು ಬೇರೆ ಎಂದರು. ಅದು ಅವರ ಪಕ್ಷದವರಿಗೆ ರುಚಿಸಲಿಲ್ಲ. ಇನ್ನೊಂದು ಕಡೆ, ಸರ್ಕಾರದ ಬೆಂಬಲಿಗರಲ್ಲೇ ಹಲವರಿಗೆ ನಿರಾಸೆ. ಕದನ ವಿರಾಮ ತಿಳಿಸಿದ ವಿದೇಶಾಂಗ ಕಾರ್ಯದರ್ಶಿ ವಿಕ್ರಂ ಮಿಸ್ರಿಯವರ ಮೇಲೆ ಜಾಲತಾಣದಲ್ಲಿ ಹೊಲಸು ಮಾತು ಸುರಿಯಿತು. ಅವರ ಮನೆಯವರನ್ನೂ ಬಿಡಲಿಲ್ಲ. ಸರ್ಕಾರ ಹೇಳಿದ ಗುರಿಗೂ ಜನ ನಂಬಿದ ಗುರಿಗೂ ನಡುವೆ ಟಿವಿ ತುಂಬಿದ ಜಾಗದಿಂದ ಆ ಸಿಟ್ಟು ಬಂತು. ಆ ಸುಳ್ಳನ್ನು ಅದೇ ರಾತ್ರಿ ಯಾರಾದರೂ ಅಧಿಕಾರದಿಂದ ತಿದ್ದಿದ್ದರೆ ಇಷ್ಟು ಆಗುತ್ತಿರಲಿಲ್ಲ. ಜುಲೈ ಕೊನೆಯಲ್ಲಿ ಸಂಸತ್ತು ಇದನ್ನು ಚರ್ಚಿಸಿದಾಗ ಆಡಳಿತ ಪಕ್ಷದ ಕಡೆಯಿಂದ ಹಾಜಿ ಪೀರ್ ಹೆಸರು ಮತ್ತೆ ಬಂತು.

ಚಿಕ್ಕಪ್ಪನಿಗೆ ಈಗ ಎಂಬತ್ತರ ಹತ್ತಿರ. ಆ ಚರ್ಚೆಯ ದಿನಗಳಲ್ಲಿ ಊರಿಗೆ ಹೋದಾಗ ಕೇಳಿದೆ. "ಚಿಕ್ಕಪ್ಪಾ, ಅವತ್ತು ಶಾಸ್ತ್ರಿ ನಿಲ್ಲಿಸಿದ್ದು ತಪ್ಪು, ಇವತ್ತು ನಿಲ್ಲಿಸಿದ್ದು ಸರಿ ಅಂತೀರಲ್ಲ, ಹೇಗೆ?"

"ಇವ್ರು ಒಂಬತ್ತು ಅಂದ್ರು, ಒಂಬತ್ತು ಹೊಡೆದ್ರು, ನಿಲ್ಸಿದ್ರು. ಕರಾಚಿ ಅಂತ ಸರ್ಕಾರ ಎಲ್ಲಿ ಹೇಳ್ತು? ಶಾಸ್ತ್ರಿ ಹಾಜಿ ಪೀರ್ ಬಿಡಲ್ಲ ಅಂದಿದ್ರು. ನಿನ್ನ ದೊಡ್ಡಪ್ಪನೂ ಅದನ್ನೇ ಅಲ್ವಾ ಹೇಳಿದ್ದು?"

ಪಕ್ಷದ ಮಾತು ಬರುತ್ತದೆ ಎಂದುಕೊಂಡಿದ್ದ ಕಡೆ ಒಂದು ಅಳತೆಗೋಲು ಬಂತು. ನಾನು ಛಂಬ್ ವಿಷಯ ತೆಗೆದೆ. ಅದು ಅವರ ಕೈಲಿದ್ದಾಗ ಹಾಜಿ ಪೀರ್ ಇಟ್ಟುಕೊಂಡು ಕೂರುವುದು ಆಗದ ಮಾತು ಎಂದೆ.

"ಹಂಗಿದ್ರೆ ಅದನ್ನ ಸೆಪ್ಟೆಂಬರಲ್ಲೇ ಹೇಳ್ಬೇಕಿತ್ತು."

ಯುದ್ಧ ನಡೆಯುತ್ತಿರುವಾಗ ಗೆದ್ದದ್ದನ್ನು ಕೊಡಬೇಕಾದೀತು ಎಂದು ಯಾವ ಪ್ರಧಾನಿ ರೇಡಿಯೋದಲ್ಲಿ ಹೇಳಿಯಾರು? ಮುಂದೆ ಕೂತು ಮಾತಾಡುವಾಗ ಎದುರಾಳಿ ಅದನ್ನೇ ಹಿಡಿಯುತ್ತಾನೆ. ಹಾಗಾಗಿ ಚಿಕ್ಕಪ್ಪನ ಮಾತನ್ನು ನಾನು ಪೂರ್ತಿ ಒಪ್ಪಲಿಲ್ಲ. ಬಿಡುವುದೇ ಇಲ್ಲ ಎಂದು ಹೇಳದೆ ಇರಬಹುದಿತ್ತು, ಅಷ್ಟು ಮಾತ್ರ ಒಪ್ಪಿದೆ. ಅವರು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಕದನ ವಿರಾಮಕ್ಕೂ ತಾಷ್ಕೆಂಟ್‌ಗೂ ನಡುವೆ ಮೂರೂವರೆ ತಿಂಗಳಿತ್ತು, ಆಗಲಾದರೂ ಛಂಬ್ ಕಥೆಯನ್ನು ನಿನ್ನ ದೊಡ್ಡಪ್ಪನಂಥವರಿಗೆ ಯಾರು ಹೇಳಿದರು ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ದೊಡ್ಡಪ್ಪನಿಗೆ ಯಾರೂ ಹೇಳಿರಲಿಲ್ಲ.